ಸ್ಕ್ಯಾನ್‌ನ ಅಂಕಿ ಇಳಿದರೆ ಕಣ್ಣಿನ ರಕ್ತನಾಳ ಕಡಿಮೆಯಾದಂತೆಯೇ?

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕಣ್ಣಿನ ಸ್ಕ್ಯಾನ್ ಮಾಡಿಸಿದ್ದೀರಿ, ವರದಿಯಲ್ಲಿ ರಕ್ತನಾಳಗಳ ಬಗ್ಗೆ ಒಂದು ಅಂಕಿ ಬಂದಿದೆ, ಆ ಅಂಕಿ ನಿಮ್ಮ ನಿದ್ದೆ ಕೆಡಿಸಿದೆ. ನಾನು ವೈದ್ಯೆ ಅಲ್ಲ. 19 ವರ್ಷದಿಂದ ಕಣ್ಣಿನ ಸ್ಕ್ಯಾನ್ ತೆಗೆಯುವ ಕೆಲಸ ನನ್ನದು. ಚುಚ್ಚುಮದ್ದು ಬೇಕೋ, ಲೇಸರ್ ಬೇಕೋ, ಏನೂ ಬೇಡವೋ ಎನ್ನುವುದನ್ನು ನಿಮ್ಮ ವೈದ್ಯರೇ ಹೇಳಬೇಕು. ಆದರೆ ಆ ಅಂಕಿ ಹೇಗೆ ಹುಟ್ಟುತ್ತದೆ, ಎಷ್ಟು ಅಲುಗಾಡುತ್ತದೆ ಎನ್ನುವುದನ್ನು ದಿನವೂ ನೋಡುತ್ತೇನೆ. ಅಷ್ಟನ್ನು ಮನಸ್ಸು ಬಿಚ್ಚಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನನಗೆ 56 ವರ್ಷ. 11 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ನಾಲ್ಕು ತಿಂಗಳ ಹಿಂದೆ ಓಸಿಟಿ ಆಂಜಿಯೋ ಮಾಡಿಸಿದಾಗ ಬಲಗಣ್ಣಿನ ರಕ್ತನಾಳ ಸಾಂದ್ರತೆ ಶೇ 47.6 ಇತ್ತು. ಮೊನ್ನೆ ಶೇ 44.1 ಬಂದಿದೆ. ನಾಲ್ಕೇ ತಿಂಗಳಲ್ಲಿ ಇಷ್ಟು ರಕ್ತನಾಳ ಹೋದರೆ ಎರಡು ವರ್ಷದಲ್ಲಿ ನನ್ನ ಕಣ್ಣಿನ ಗತಿ ಏನು? ಎರಡೂ ವರದಿಗಳ ಪ್ರತಿ ಕಳಿಸಿದ್ದೇನೆ.

ಉತ್ತರ: ಪ್ರತಿ ಕಳಿಸಿದ್ದು ತುಂಬ ಒಳ್ಳೆಯದಾಯಿತು. ನಾನು ಮೊದಲು ನೋಡಿದ್ದು ಅಂಕಿಯನ್ನಲ್ಲ, ಚಿತ್ರವನ್ನು. ನೀವೂ ಈಗ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ಮೇಲಿನ ಮೂಲೆಯಲ್ಲಿ ಸಿಗ್ನಲ್ ಬಲ ಅಂತ ಬರೆದಿರುತ್ತದೆ, 10ಕ್ಕೆ ಇಷ್ಟು ಎಂದು. ಹಳೆಯದರಲ್ಲಿ 9 ಇದೆ. ಹೊಸದರಲ್ಲಿ 6 ಇದೆ. ಹೊಸ ಚಿತ್ರ ಒಟ್ಟಾರೆ ಮಬ್ಬಾಗಿದೆ. ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ ಕಾಣುತ್ತಿದೆಯಲ್ವಾ? ಅದು ನಿಮ್ಮ ಕಾಯಿಲೆ ಅಲ್ಲ. ಆ ಕ್ಷಣದಲ್ಲಿ ನೀವು ರೆಪ್ಪೆ ಬಡಿದಿದ್ದೀರಿ. ರೆಪ್ಪೆ ಮುಚ್ಚಿದಾಗ ಬೆಳಕು ಒಳಗೆ ಹೋಗಲಿಲ್ಲ, ಅಷ್ಟು ಜಾಗದ ಲೆಕ್ಕ ಸಿಗಲಿಲ್ಲ.

ಈ ಯಂತ್ರ ಏನು ಮಾಡುತ್ತದೆ ಎನ್ನುವುದು ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ಓಸಿಟಿ 1991ರಲ್ಲಿ ಬಂತು. ಕಣ್ಣೊಳಗೆ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬಿಟ್ಟು, ಅದು ಯಾವ ಆಳದಿಂದ ವಾಪಸ್ ಬರುತ್ತದೆ ಎಂದು ನೋಡಿ, ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಪದರಗಳನ್ನು ಚಿತ್ರ ಮಾಡುವ ವಿಧಾನ ಅದು. ಆಂಜಿಯೋ ಅದರ ಮುಂದಿನ ಹೆಜ್ಜೆ. ಒಂದೇ ಗೆರೆಯನ್ನು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಎರಡು ಅಥವಾ ಹೆಚ್ಚು ಸಲ ಸ್ಕ್ಯಾನ್ ಮಾಡುತ್ತಾರೆ. ಅಲುಗಾಡದ ಜಾಗ ಎಲ್ಲ ಸಲವೂ ಒಂದೇ ಥರ ಕಾಣುತ್ತದೆ. ರಕ್ತಕಣ ಓಡುತ್ತಿರುವ ಜಾಗ ಪ್ರತಿ ಸಲ ಬೇರೆ ಕಾಣುತ್ತದೆ. ಆ ವ್ಯತ್ಯಾಸವನ್ನೇ ಬಿಳಿ ಬಣ್ಣದಲ್ಲಿ ಬರೆದರೆ ರಕ್ತನಾಳಗಳ ಬಲೆ ಮೂಡುತ್ತದೆ. ಅಂದರೆ ಯಂತ್ರ ನೋಡಿದ್ದು ರಕ್ತನಾಳವನ್ನಲ್ಲ, ಚಲನೆಯನ್ನು. ಇದೊಂದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದರಿಂದಲೇ ಅರ್ಥವಾಗುತ್ತದೆ.

ಬೆಳಕು ಕಡಿಮೆ ಬಂದರೆ ಸಣ್ಣ ರಕ್ತನಾಳದ ಚಲನೆ ಗದ್ದಲದಲ್ಲಿ ಮುಳುಗುತ್ತದೆ. ದೊಡ್ಡವು ಕಾಣುತ್ತವೆ, ಕೂದಲಿಗಿಂತ ಎಷ್ಟೋ ಸಪೂರವಾದ ಲೋಮನಾಳಗಳು ಮಾಯವಾಗುತ್ತವೆ. ಕಂಪ್ಯೂಟರ್ ಎಣಿಸುವುದು ಬಿಳಿ ಚುಕ್ಕೆಗಳನ್ನು. ಚುಕ್ಕೆ ಕಡಿಮೆ, ಸಾಂದ್ರತೆ ಕಡಿಮೆ. ಸಿಗ್ನಲ್ 9ರಿಂದ 6ಕ್ಕೆ ಇಳಿದಾಗ ಕಣ್ಣಲ್ಲಿ ಏನೂ ಆಗದಿದ್ದರೂ ಅಂಕಿ ಇಳಿಯುತ್ತದೆ. ಸಿಗ್ನಲ್ ಯಾಕೆ ಇಳಿಯುತ್ತದೆ? ಕಣ್ಣು ಒಣಗಿದ್ದರೆ, ಪೊರೆ ಬಂದಿದ್ದರೆ, ಪಾಪೆ ಸಣ್ಣದಾಗಿದ್ದರೆ, ಗಲ್ಲ ಸರಿಯಾಗಿ ಇಡದಿದ್ದರೆ, ಕಣ್ಣೊಳಗಿನ ದ್ರವದಲ್ಲಿ ತೇಲುವ ಚೂರು ಅಡ್ಡ ಬಂದರೆ.

ನನ್ನದೇ ಕಣ್ಣಿನ ಕಥೆ ಹೇಳುತ್ತೇನೆ. ಹೊಸ ಯಂತ್ರ ಬಂದ ಹೊಸತರಲ್ಲಿ ನನ್ನ ಬಲಗಣ್ಣನ್ನು ಹತ್ತು ಸಲ ಸ್ಕ್ಯಾನ್ ಮಾಡಿ ಎಂದು ಸಹೋದ್ಯೋಗಿಯನ್ನು ಕೇಳಿದೆ. ಪ್ರತಿ ಸಲ ತಲೆ ಹಿಂದೆ ತೆಗೆದು, ಮತ್ತೆ ಗಲ್ಲ ಇಟ್ಟೆ. ಹತ್ತರಲ್ಲಿ ಕಡಿಮೆ ಬಂದದ್ದು 46.2. ಜಾಸ್ತಿ ಬಂದದ್ದು 48.9. ಅರ್ಧ ಗಂಟೆಯಲ್ಲಿ ನನ್ನ ಕಣ್ಣಿನಲ್ಲಿ ಒಂದು ರಕ್ತನಾಳವೂ ಹುಟ್ಟಲಿಲ್ಲ, ಒಂದೂ ಸಾಯಲಿಲ್ಲ. ಹನ್ನೊಂದನೆಯ ಸಲ ಬೇಕೆಂದೇ ರೆಪ್ಪೆ ಬಡಿಯದೆ ಕಣ್ಣು ಉರಿಯುವ ತನಕ ತೆರೆದಿಟ್ಟೆ. ಕಣ್ಣೀರಿನ ಪೊರೆ ಒಡೆಯಿತು, ಸಿಗ್ನಲ್ 6ಕ್ಕೆ ಬಂತು, ಅಂಕಿ 43.8. ಅವತ್ತು ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಅಷ್ಟರೊಳಗೆ ಎಷ್ಟು ಜನರ ಕೈಗೆ ಇಂಥ ಕಾಗದ ಕೊಟ್ಟಿದ್ದೆನೋ ಅನ್ನಿಸಿತು.

ಹಾಗಾದರೆ ನಿಮ್ಮ 3.5ರ ಇಳಿತ ಸುಳ್ಳೇ? ಹಾಗೆ ನಾನು ಹೇಳಲಾರೆ. ಸಕ್ಕರೆ ಕಾಯಿಲೆಯಲ್ಲಿ ಲೋಮನಾಳಗಳು ನಿಜವಾಗಿಯೂ ಮುಚ್ಚಿಹೋಗುತ್ತವೆ. ನಾನು ಹೇಳುವುದು ಇಷ್ಟೇ: ಈ ಎರಡು ಚಿತ್ರಗಳನ್ನು ಹೋಲಿಸಿ ತೀರ್ಮಾನ ಮಾಡುವ ಹಾಗಿಲ್ಲ. ಸುಮ್ಮನೆ ಕೂರಬೇಡಿ. ಅದೇ ಯಂತ್ರದಲ್ಲಿ, ಅದೇ ಅಳತೆಯ ಸ್ಕ್ಯಾನ್ ಮತ್ತೊಮ್ಮೆ ಮಾಡಿಸಿ. ಒಂದೇ ದಿನ ಎರಡು ಮೂರು ಸಲ ತೆಗೆಯಿರಿ ಎಂದು ಕೇಳಿ. ಆ ಮೂರರ ನಡುವೆ ಎಷ್ಟು ಅಂತರ ಬರುತ್ತದೋ ಅದು ನಿಮ್ಮ ಕಣ್ಣಿನ ಅಳತೆಯಲ್ಲಿ ತಾನಾಗಿಯೇ ಆಗುವ ಅಲುಗಾಟದ ಅಂದಾಜು. ಸಿಗ್ನಲ್ ಚೆನ್ನಾಗಿದ್ದೂ, ಅಲುಗಾಟವನ್ನು ಮೀರಿ ಅಂಕಿ ಇಳಿದಿದ್ದರೆ ಅದಕ್ಕೆ ಬೆಲೆ ಕೊಡಬೇಕು. ಚಿತ್ರದಲ್ಲಿ ಹಿಂದೆ ಬಲೆ ಇದ್ದ ಜಾಗ ಈಗ ಖಾಲಿ ಕಂಡರೆ ಇನ್ನೂ ಜಾಸ್ತಿ ಬೆಲೆ ಕೊಡಬೇಕು. ಅಂಕಿಗಿಂತ ಆ ಖಾಲಿ ಜಾಗವನ್ನೇ ವೈದ್ಯರಿಗೆ ಬೊಟ್ಟು ಮಾಡಿ ತೋರಿಸಿ.

ಇನ್ನೊಂದು ಮಾತು. 44.1 ಎಂದು ದಶಾಂಶ ಇಟ್ಟು ಬರೆದಿರುವುದರಿಂದ ಅಳತೆ ಅಷ್ಟು ನಯವಾಗಿದೆ ಎಂದುಕೊಳ್ಳಬೇಡಿ. ಕಂಪ್ಯೂಟರ್ ಭಾಗಾಕಾರ ಮಾಡಿದಾಗ ದಶಾಂಶ ಬರುತ್ತದೆ, ಅಷ್ಟೇ.

ಪ್ರಶ್ನೆ: ನಾನು ಆಪ್ಟೋಮೆಟ್ರಿ ಕೊನೆಯ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟ್‌ಗಾಗಿ 40 ಜನರ ಕಣ್ಣನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿದೆ. 20 ಜನ ಆರೋಗ್ಯವಂತರು, 20 ಜನ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಹಾಳಾದವರು. ಸಾಂದ್ರತೆಗೆ ಐಸಿಸಿ (ಅಳತೆಯನ್ನು ಎಷ್ಟು ನೆಚ್ಚಬಹುದು ಎಂದು ಹೇಳುವ ಸಂಖ್ಯೆ) 0.94 ಬಂತು. ‘ಅತ್ಯುತ್ತಮ’ ಎಂದು ಬರೆದು ಮುಗಿಸು ಅನ್ನುತ್ತಾರೆ ಗೆಳೆಯರು. ಸಾಕೇ?

ಉತ್ತರ: ಸಾಲದು. ನೀವು ಕೇಳಿದ್ದೇ ನನಗೆ ಖುಷಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಾಳೆ ನೀವು ಬರೆದ ಸಾಲನ್ನು ನಂಬಿ ಯಾರೋ ಒಬ್ಬರ ಕಣ್ಣಿನ ಬಗ್ಗೆ ಮಾತಾಡುತ್ತಾರೆ.

ಐಸಿಸಿ ಹೇಳುವುದು ಒಂದು ಪಾಲು. ಜನರ ನಡುವಿನ ವ್ಯತ್ಯಾಸ, ಒಟ್ಟು ವ್ಯತ್ಯಾಸದಲ್ಲಿ ಎಷ್ಟು ಎಂದು. ಐದು ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ನಿಲ್ಲಿಸಿ, ಜಗ್ಗುವ ಟೇಪ್‌ನಿಂದ ಎತ್ತರ ಅಳೆಯಿರಿ. ಟೇಪ್ ಮೂರು ಸೆಂಟಿಮೀಟರ್ ತಪ್ಪಿದರೂ ಯಾರು ಉದ್ದ, ಯಾರು ಗಿಡ್ಡ ಎನ್ನುವುದು ಗೊಂದಲವಾಗುವುದಿಲ್ಲ. ಐಸಿಸಿ ಭರ್ಜರಿಯಾಗಿ ಬರುತ್ತದೆ. ಅದೇ ಟೇಪ್ ಹಿಡಿದು ಒಂದೇ ತರಗತಿಯ ಮಕ್ಕಳನ್ನು ಅಳೆದರೆ ಐಸಿಸಿ ಬಿದ್ದುಹೋಗುತ್ತದೆ. ಟೇಪ್ ಬದಲಾಗಲಿಲ್ಲ, ಜನ ಬದಲಾದರು.

ನಿಮ್ಮ ಲೆಕ್ಕಕ್ಕೇ ಬರೋಣ. ಜನರ ನಡುವಿನ ಎಸ್‌ಡಿ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ, 4 ಎಂದುಕೊಳ್ಳಿ. ಒಬ್ಬರದೇ ಕಣ್ಣನ್ನು ಮತ್ತೆ ಮತ್ತೆ ಅಳೆದಾಗ ಬರುವ ಎಸ್‌ಡಿ 1 ಎಂದುಕೊಳ್ಳಿ. 4ರ ವರ್ಗ 16, 1ರ ವರ್ಗ 1, ಒಟ್ಟು 17. 16 ಭಾಗಿಸು 17, ಅಂದರೆ 0.94. ನಿಮಗೆ ಬಂದದ್ದೇ. ಈಗ ಕಾಯಿಲೆಯವರನ್ನು ಬಿಟ್ಟುಬಿಡಿ. ಆರೋಗ್ಯವಂತರ ನಡುವಿನ ಎಸ್‌ಡಿ 1.5 ಎಂದಿಟ್ಟುಕೊಂಡರೆ 2.25 ಭಾಗಿಸು 3.25, ಅಂದರೆ 0.69. ಅದೇ ಯಂತ್ರ, ಅದೇ ಕೈ, ಅದೇ ತಪ್ಪು. ಒಂದು ಕಡೆ ‘ಅತ್ಯುತ್ತಮ’, ಇನ್ನೊಂದು ಕಡೆ ‘ಪರವಾಗಿಲ್ಲ’.

ಮೇಲಿನ ಪ್ರಶ್ನೆ ಕೇಳಿದ 56 ವರ್ಷದವರಿಗೆ ಬೇಕಾದದ್ದು ಈ ಪಾಲು ಅಲ್ಲ. ಅವರಿಗೆ ಬೇಕಾದದ್ದು ಅವರ ಅಂಕಿಯ ಅಳತೆಗೋಲಿನಲ್ಲೇ ಒಂದು ಉತ್ತರ: ಎಷ್ಟು ಇಳಿದರೆ ನಿಜವಾದ ಇಳಿತ? ಅದಕ್ಕೆ ಹೀಗೆ ಮಾಡಿ. ಪ್ರತಿಯೊಬ್ಬರ ಎರಡು ಅಂಕಿಗಳ ವ್ಯತ್ಯಾಸವನ್ನು ವರ್ಗ ಮಾಡಿ. ಎಲ್ಲರದರ ಸರಾಸರಿ ತೆಗೆಯಿರಿ. ಎರಡರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಇದು ಒಂದೇ ಕಣ್ಣಿನೊಳಗಿನ ಎಸ್‌ಡಿ. ಇದನ್ನು 2.77ರಿಂದ ಗುಣಿಸಿ. ಒಂದೇ ಕಣ್ಣನ್ನು ಎರಡು ಸಲ ಅಳೆದರೆ ನೂರರಲ್ಲಿ 95 ಸಲ ವ್ಯತ್ಯಾಸ ಇದರೊಳಗೇ ಇರುತ್ತದೆ. ಎಸ್‌ಡಿ 1 ಇದ್ದರೆ 2.77 ಅಂಕದವರೆಗಿನ ಏರಿಳಿತ ಬರೀ ಅಳತೆಯ ಆಟ ಇರಬಹುದು. ಇದನ್ನು ಮೊದಲ ಪುಟದಲ್ಲೇ ಬರೆಯಿರಿ.

ಜೊತೆಗೆ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಚಿತ್ರ ಹಾಕಿ. ಈ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು ಇವತ್ತಿಗೂ ದಾರಿ ತೋರಿಸುತ್ತದೆ. ಅಡ್ಡ ಗೆರೆಯಲ್ಲಿ ಎರಡು ಅಳತೆಗಳ ಸರಾಸರಿ, ನೇರ ಗೆರೆಯಲ್ಲಿ ವ್ಯತ್ಯಾಸ. ಅದನ್ನು ನೋಡಿದರೆ ಹಾಳಾದ ಕಣ್ಣುಗಳಲ್ಲಿ ಅಲುಗಾಟ ಜಾಸ್ತಿ ಇದೆಯೇ ಎನ್ನುವುದು ಕಣ್ಣಿಗೆ ಹೊಡೆಯುತ್ತದೆ. ಬಹುಮಟ್ಟಿಗೆ ಇರುತ್ತದೆ. ಊದಿಕೊಂಡ ಅಕ್ಷಿಪಟಲದಲ್ಲಿ ಕಂಪ್ಯೂಟರ್ ಪದರಗಳ ಗೆರೆಯನ್ನು ತಪ್ಪಾಗಿ ಎಳೆಯುತ್ತದೆ, ದೃಷ್ಟಿ ಮಂದವಾದವರು ಗುರಿಯ ಚುಕ್ಕೆಯನ್ನು ನೆಟ್ಟಗೆ ನೋಡಲಾರರು. ಹಾಗಾಗಿ ಎರಡು ಗುಂಪಿಗೂ ಬೇರೆ ಬೇರೆ ಅಂಕಿ ಕೊಡಿ.

ಮೇಲ್ಪದರ ಮತ್ತು ಒಳಪದರದ ಅಳತೆಗಳನ್ನೂ ಬೆರೆಸಬೇಡಿ. ಒಳಪದರದ್ದು ಜಾಸ್ತಿ ಅಲುಗಾಡುತ್ತದೆ. ಮೇಲಿನ ರಕ್ತನಾಳಗಳ ನೆರಳು ಕೆಳಗಿನ ಚಿತ್ರದಲ್ಲೂ ಬಿದ್ದು, ಇಲ್ಲದ ರಕ್ತನಾಳ ಇದ್ದಂತೆ ಕಾಣುತ್ತದೆ. ಅದನ್ನು ಅಳಿಸುವ ಸಾಫ್ಟ್‌ವೇರ್ ಇದೆ, ಅದು ಹಾಕಿತ್ತೋ ಇಲ್ಲವೋ ಬರೆಯಿರಿ. ಎರಡು ಸ್ಕ್ಯಾನ್‌ಗಳ ನಡುವೆ ತಲೆ ಎತ್ತಿಸಿದಿರಾ, ಒಂದೇ ಕೂರಿಕೆಯಲ್ಲಿ ತೆಗೆದಿರಾ, ಬೇರೆ ದಿನವೇ, ಬೇರೆಯವರು ತೆಗೆದರೇ? ಇವೆಲ್ಲ ಬೇರೆ ಬೇರೆ ಪ್ರಶ್ನೆಗಳು. ಒಂದೇ ಕೂರಿಕೆಯ ಉತ್ತರ ಯಾವಾಗಲೂ ಚೆಂದವಾಗಿ ಬರುತ್ತದೆ. ಆದರೆ ರೋಗಿ ಮರಳಿ ಬರುವುದು ಆರು ತಿಂಗಳ ಮೇಲೆ.

ಕೊನೆಗೆ, ಚೆನ್ನಾಗಿ ಬರಲಿಲ್ಲ ಎಂದು ಎಷ್ಟು ಸ್ಕ್ಯಾನ್ ಬಿಟ್ಟಿರಿ? ಆ ಸಂಖ್ಯೆಯನ್ನು ದಯವಿಟ್ಟು ಮುಚ್ಚಿಡಬೇಡಿ. ಒಳ್ಳೆಯದನ್ನಷ್ಟೇ ಇಟ್ಟುಕೊಂಡು ಲೆಕ್ಕ ಹಾಕಿದರೆ ಯಾವ ಯಂತ್ರವೂ ಒಳ್ಳೆಯದೇ.

ಪ್ರಶ್ನೆ: ಒಂದು ಕಡೆ ಮಾಡಿಸಿದಾಗ ರಕ್ತನಾಳ ಸಾಂದ್ರತೆ 47 ಇತ್ತು. ಮೂರು ವಾರ ಬಿಟ್ಟು ಇನ್ನೊಂದು ಕಡೆ ಮಾಡಿಸಿದರೆ 20 ಬಂತು. ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಅಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾರೆ.

ಉತ್ತರ: ಅಮ್ಮನಿಗೆ ಇವತ್ತೇ ಹೇಳಿ, ಇವೆರಡೂ ಬೇರೆ ಬೇರೆ ಅಳತೆಗಳು. ಮೊದಲನೆಯದು ಶೇಕಡಾ. ಚಿತ್ರದ ಎಷ್ಟು ಭಾಗ ಬಿಳಿ ಎಂದು. ಎರಡನೆಯದು ಉದ್ದ. ರಕ್ತನಾಳವನ್ನು ಒಂದು ಎಳೆಯಷ್ಟು ಸಪೂರ ಮಾಡಿ, ಒಂದು ಚದರ ಮಿಲಿಮೀಟರ್‌ನಲ್ಲಿ ಒಟ್ಟು ಎಷ್ಟು ಮಿಲಿಮೀಟರ್ ಉದ್ದ ಇದೆ ಎಂದು. ಒಂದರಲ್ಲಿ 47 ಇರುವ ಕಣ್ಣಿಗೆ ಇನ್ನೊಂದರಲ್ಲಿ 20 ಬರುವುದು ಸಹಜವೇ. ಕಿಲೋ ಮತ್ತು ಲೀಟರ್ ಹೋಲಿಸಿದ ಹಾಗಾಯಿತು. ಇಬ್ಬರೂ ಒಂದೇ ಹೆಸರು ಬರೆದದ್ದು ಎಡವಟ್ಟು.

ಅಳತೆ ಒಂದೇ ಇದ್ದರೂ ಎರಡು ಕಂಪನಿಯ ಯಂತ್ರಗಳನ್ನು ಹೋಲಿಸಬೇಡಿ. ಯಾವ ಚುಕ್ಕೆಯನ್ನು ಬಿಳಿ ಎನ್ನಬೇಕು, ಯಾವುದನ್ನು ಕಪ್ಪು ಎನ್ನಬೇಕು ಎನ್ನುವ ನಿಯಮ ಒಂದೊಂದರಲ್ಲಿ ಒಂದೊಂದು ಥರ. ಒಂದೇ ಯಂತ್ರದಲ್ಲೂ 3 ಮಿಲಿಮೀಟರ್ ಸ್ಕ್ಯಾನ್ ಮತ್ತು 6 ಮಿಲಿಮೀಟರ್ ಸ್ಕ್ಯಾನ್ ಒಂದಕ್ಕೊಂದು ಹೊಂದುವುದಿಲ್ಲ. ಎಷ್ಟೋ ಯಂತ್ರಗಳಲ್ಲಿ ಎರಡಕ್ಕೂ ಗೆರೆಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸುಮಾರು 300 ಗೆರೆ ಇದ್ದರೆ, ಸಣ್ಣದರಲ್ಲಿ ಗೆರೆಯಿಂದ ಗೆರೆಗೆ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್), ದೊಡ್ಡದರಲ್ಲಿ 20. ಲೋಮನಾಳದ ಅಗಲವೇ 5ರಿಂದ 10 ಮೈಕ್ರಾನ್. ದೊಡ್ಡ ಬಲೆಯ ಕಣ್ಣಿನಲ್ಲಿ ಸಣ್ಣ ಮೀನು ನುಸುಳಿಹೋಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಕನ್ನಡಕ ಮೈನಸ್ 7. ಕಣ್ಣಿನ ಉದ್ದ 26 ಮಿಲಿಮೀಟರ್ ಎಂದು ಬರೆದಿದ್ದಾರೆ. ಸ್ಕ್ಯಾನ್‌ನಲ್ಲಿ ನಡುವಿನ ರಕ್ತನಾಳವಿಲ್ಲದ ಜಾಗ 0.24 ಚದರ ಮಿಲಿಮೀಟರ್ ಅಂತೆ. ಅಕ್ಕನ ಮಗಳಿಗೆ 0.38 ಇದೆ, ಅವಳಿಗೆ ಕನ್ನಡಕವೇ ಇಲ್ಲ. ಯಾರ ಕಣ್ಣು ಸರಿ?

ಉತ್ತರ: ಇಬ್ಬರದೂ ಸರಿ ಇರಬಹುದು. ನಾವು ಅಕ್ಷರ ಓದುವುದು ಅಕ್ಷಿಪಟಲದ ನಟ್ಟನಡುವಿನ ಗುಳಿಯಿಂದ. ಅಲ್ಲಿ ರಕ್ತನಾಳ ಇರುವುದಿಲ್ಲ, ಬೆಳಕಿಗೆ ಅಡ್ಡ ಬಾರದಿರಲಿ ಎಂಬಂತೆ ಬಲೆ ಸುತ್ತಲೂ ನಿಂತುಬಿಡುತ್ತದೆ. ಆ ಖಾಲಿ ಜಾಗ ಆರೋಗ್ಯವಂತರಲ್ಲೇ ಒಬ್ಬರಿಂದ ಒಬ್ಬರಿಗೆ ಎರಡು ಮೂರು ಪಟ್ಟು ಬೇರೆ ಇರುತ್ತದೆ. ಇಲ್ಲಿ ಒಂದು ಸ್ವಾರಸ್ಯ ಇದೆ. ಒಳ್ಳೆಯ ಚಿತ್ರ ಇದ್ದರೆ ಈ ಜಾಗದ ಅಳತೆ ತುಂಬ ನೆಚ್ಚಬಹುದಾದದ್ದು, ಮತ್ತೆ ಅಳೆದರೂ ಹೆಚ್ಚುಕಡಿಮೆ ಅದೇ ಬರುತ್ತದೆ. ಹಾಗಿದ್ದೂ ಒಂದೇ ಅಂಕಿ ನೋಡಿ ಕಣ್ಣು ಸರಿಯೋ ತಪ್ಪೋ ಹೇಳುವುದಕ್ಕೆ ಆಗುವುದಿಲ್ಲ. ಮಗಳ ಕಣ್ಣನ್ನು ಅವಳದೇ ಹಿಂದಿನ ವರ್ಷದ ಚಿತ್ರಕ್ಕೆ ಹೋಲಿಸಬೇಕು, ಅಕ್ಕನ ಮಗಳ ಕಣ್ಣಿಗಲ್ಲ.

ಮಗಳ ಅಂಕಿಯಲ್ಲಿ ಇನ್ನೊಂದು ತೊಡಕಿದೆ. ಯಂತ್ರಕ್ಕೆ ಅವಳ ಕಣ್ಣಿನ ಉದ್ದ ಗೊತ್ತಿಲ್ಲ. ಸಾಮಾನ್ಯವಾಗಿ ಎಲ್ಲರ ಕಣ್ಣೂ ಸುಮಾರು 24 ಮಿಲಿಮೀಟರ್ ಎಂದು ಇಟ್ಟುಕೊಂಡೇ ಲೆಕ್ಕ ಹಾಕುತ್ತದೆ. ಉದ್ದ ಕಣ್ಣಿನಲ್ಲಿ ಪರದೆ ದೂರ ಇರುತ್ತದೆ. ಟಾರ್ಚ್ ಹಿಡಿದು ಗೋಡೆಯಿಂದ ಹಿಂದೆ ಸರಿದರೆ ಬೆಳಕಿನ ವೃತ್ತ ದೊಡ್ಡದಾಗುತ್ತದಲ್ಲ, ಹಾಗೆ. ಯಂತ್ರ 3 ಮಿಲಿಮೀಟರ್ ಎಂದುಕೊಂಡದ್ದು ಮಗಳ ಕಣ್ಣಲ್ಲಿ ಸುಮಾರು 3.27 ಮಿಲಿಮೀಟರ್. ಬೆನೆಟ್ ಸೂತ್ರ ಅಂತ ಒಂದಿದೆ: ಕಣ್ಣಿನ ಉದ್ದದಿಂದ 1.82 ಕಳೆದು ಹೋಲಿಸಬೇಕು. ಮಗಳ 26ರಿಂದ ಕಳೆದ 24.18 ಭಾಗಿಸು ಯಂತ್ರದ 24ರಿಂದ ಕಳೆದ 22.18, ಅಂದರೆ 1.09. ವಿಸ್ತೀರ್ಣಕ್ಕೆ ಅದರ ವರ್ಗ, 1.19. ಹಾಗಾಗಿ ಮಗಳ 0.24 ನಿಜದಲ್ಲಿ 0.29ರ ಹತ್ತಿರ.

ಬೆಳೆಯುವ ಮಕ್ಕಳಲ್ಲಿ ಕಣ್ಣಿನ ಉದ್ದವೂ ಬೆಳೆಯುತ್ತದೆ, ಸಮೀಪದೃಷ್ಟಿ ಇರುವವರಲ್ಲಿ ಇನ್ನೂ ಜಾಸ್ತಿ. ಪ್ರತಿ ಸಲ ಸ್ಕ್ಯಾನ್ ಜೊತೆಗೆ ಕಣ್ಣಿನ ಉದ್ದವನ್ನೂ ಅಳೆಸಿ, ವರದಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ನೀವು ತಾಯಿ, ಫೈಲ್ ಜೋಪಾನ ಮಾಡುವವರು ನೀವೇ ಅಲ್ವಾ.

ಪ್ರಶ್ನೆ: ತಂದೆಯವರಿಗೆ 79 ವರ್ಷ. ತಲೆ ಸ್ವಲ್ಪ ನಡುಗುತ್ತದೆ. ಸ್ಕ್ಯಾನ್ ಮಾಡುವವರು ಐದು ಸಲ ತೆಗೆದರು. ಅವರಿಗೆ ಕೆಲಸ ಬರುವುದಿಲ್ಲವೇ? ಅಷ್ಟು ಸಲ ಬೆಳಕು ಬಿಟ್ಟರೆ ಕಣ್ಣಿಗೆ ತೊಂದರೆ ಇಲ್ಲವೇ?

ಉತ್ತರ: ಐದು ಸಲ ತೆಗೆದವರಿಗೆ ನನ್ನ ನಮಸ್ಕಾರ ತಿಳಿಸಿ. ಕೆಲಸ ಬರುವವರೇ ಮತ್ತೆ ತೆಗೆಯುತ್ತಾರೆ. ಈ ಬೆಳಕು ತೀರ ಕಡಿಮೆ ಶಕ್ತಿಯದು, ಕಣ್ಣಿಗೆ ಸುರಕ್ಷಿತ ಎಂದು ಗೊತ್ತುಮಾಡಿದ ಮಿತಿಯೊಳಗೇ ಇರುತ್ತದೆ. ಐದು ಸಲಕ್ಕೆ ತಂದೆಯವರಿಗೆ ಆಗಿದ್ದು ಕುತ್ತಿಗೆ ನೋವು ಮಾತ್ರ ಇರಬಹುದು.

ನಾನು ಒಮ್ಮೆ ಮತ್ತೆ ತೆಗೆಯಲಿಲ್ಲ. ಅದು ನನ್ನ ಕೆಲಸದ ಆರನೆಯ ವರ್ಷ. ಹೊರಗೆ ಸಾಲು ಉದ್ದ ಇತ್ತು. ವಯಸ್ಸಾದ ಒಬ್ಬ ತಾಯಿ, ಕೈ ನಡುಗುತ್ತಿತ್ತು, ಕಣ್ಣು ನಿಲ್ಲುತ್ತಿರಲಿಲ್ಲ. ಚಿತ್ರದಲ್ಲಿ ರಕ್ತನಾಳ ಒಂದು ಕಡೆ ತುಂಡಾಗಿ ಪಕ್ಕಕ್ಕೆ ಸರಿದಿತ್ತು. ನಡೆಯುತ್ತದೆ ಎಂದು ಉಳಿಸಿಬಿಟ್ಟೆ. ಆ ಅಂಕಿ ನೋಡಿ ಅವರಿಗೆ ಇನ್ನೊಂದು ಪರೀಕ್ಷೆ ಬರೆದರು. ಅದಕ್ಕಾಗಿ ಅವರು ಮತ್ತೊಂದು ದಿನ ದೂರದಿಂದ ಬಂದರು. ಏನೂ ಇರಲಿಲ್ಲ. ತಪ್ಪು ನನ್ನದೇ. ಅವರು ಹೋಗುವಾಗ ನನ್ನ ಕೈ ಹಿಡಿದು ‘ಒಳ್ಳೆಯದಾಯಿತಮ್ಮ’ ಅಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಚಿತ್ರದಲ್ಲಿ ರಕ್ತನಾಳ ಮುರಿದು ಕಂಡರೆ ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಮತ್ತೆ ತೆಗೆಯುತ್ತೇನೆ.

ನಡುಕ ಇರುವವರಲ್ಲಿ ಒಂದು ವಿಚಿತ್ರ ಆಗುತ್ತದೆ. ಅಂಕಿ ಕಡಿಮೆ ಬರುವುದರ ಬದಲು ಜಾಸ್ತಿಯೂ ಬರಬಹುದು. ಯಂತ್ರ ಹುಡುಕುವುದು ಚಲನೆಯನ್ನು ಅಂದೆನಲ್ಲ. ಕಣ್ಣೇ ಅಲುಗಿದರೆ ರಕ್ತ ಇಲ್ಲದ ಜಾಗವೂ ಚಲಿಸಿದಂತೆ ಕಂಡು ಬಿಳಿ ಗೆರೆಗಳು ಮೂಡುತ್ತವೆ. ಕಂಪ್ಯೂಟರ್ ಅದನ್ನೂ ರಕ್ತನಾಳ ಎಂದು ಎಣಿಸುತ್ತದೆ. ಅಂಕಿ ಚೆನ್ನಾಗಿದೆ ಎಂದು ಸಮಾಧಾನಪಡುವ ಮೊದಲೂ ಚಿತ್ರ ನೋಡಬೇಕು. ಮುಂದಿನ ಸಲ ತಂದೆಯವರನ್ನು ಬೆಳಗ್ಗೆ ಕರೆದುಕೊಂಡು ಹೋಗಿ, ಆಯಾಸ ಆಗಿರುವುದಿಲ್ಲ. ತಲೆಯ ಹಿಂದೆ ಮೆಲ್ಲಗೆ ಕೈ ಆನಿಸಿ ನಿಲ್ಲಬಹುದೇ ಎಂದು ಕೇಳಿ. ನಾನು ಮನೆಯವರಿಂದ ಹಾಗೆ ಹಿಡಿಸುತ್ತೇನೆ, ತುಂಬ ಅನುಕೂಲ ಆಗುತ್ತದೆ.

ಪ್ರಶ್ನೆ: ಎಂಟು ವರ್ಷದ ಹಿಂದೆ ಕೈಗೆ ಹಳದಿ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ಫೋಟೋ ತೆಗೆದಿದ್ದರು. ಈಗ ಇಂಜೆಕ್ಷನ್ ಇಲ್ಲದೆಯೇ ತೆಗೆಯುತ್ತಾರೆ. ಹಳೆಯದರಲ್ಲಿ ಕಂಡ ಕೆಲವು ಚುಕ್ಕೆಗಳು ಹೊಸದರಲ್ಲಿ ಇಲ್ಲ. ವಾಸಿಯಾಯಿತೇ?

ಉತ್ತರ: ವಾಸಿಯಾಗಿರಲೂಬಹುದು, ಯಂತ್ರಕ್ಕೆ ಕಾಣದಿರಲೂಬಹುದು. ಆ ಹಳದಿ ಬಣ್ಣ ಫ್ಲೋರೆಸೀನ್. ನೊವೊಟ್ನಿ ಮತ್ತು ಆಲ್ವಿಸ್ ಎಂಬ ಇಬ್ಬರು 1961ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಅದನ್ನು ಕಂಡುಕೊಂಡಾಗ ಅವರಿನ್ನೂ ವೈದ್ಯಕೀಯ ವಿದ್ಯಾರ್ಥಿಗಳು. ಬಣ್ಣ ರಕ್ತದ ಜೊತೆ ಹೋಗಿ ಎಲ್ಲಿ ಸೋರುತ್ತದೆ ಎನ್ನುವುದನ್ನು ತೋರಿಸುತ್ತದೆ. ಓಸಿಟಿ ಆಂಜಿಯೋಗೆ ಸೋರಿಕೆ ಕಾಣುವುದಿಲ್ಲ. ರಕ್ತನಾಳದ ಗೋಡೆಯ ಸಣ್ಣ ಉಬ್ಬುಗಳಲ್ಲಿ ರಕ್ತ ತೀರ ನಿಧಾನವಾಗಿ ಸುತ್ತುತ್ತಿದ್ದರೆ ಅವೂ ಕಾಣುವುದಿಲ್ಲ. ಎರಡು ಸ್ಕ್ಯಾನ್‌ಗಳ ನಡುವಿನ ಮಿಲಿಸೆಕೆಂಡುಗಳಲ್ಲಿ ರಕ್ತ ಸಾಕಷ್ಟು ಸರಿದಿರದಿದ್ದರೆ ಯಂತ್ರಕ್ಕೆ ಅದು ನಿಂತ ಹಾಗೆಯೇ. ಕಪ್ಪಾಗಿ ಕಂಡದ್ದೆಲ್ಲ ಖಾಲಿ ಅಲ್ಲ. ಆದರೆ ಬಲೆಯ ಪದರ ಪದರವನ್ನು ಬಿಡಿಸಿ ತೋರಿಸುವುದರಲ್ಲಿ ಹೊಸದು ಮುಂದೆ. ಒಂದು ಇನ್ನೊಂದರ ಬದಲಿ ಅಲ್ಲ. ಸೋರಿಕೆಯ ಅನುಮಾನ ಇದ್ದರೆ ವೈದ್ಯರು ಮತ್ತೆ ಬಣ್ಣದ ಪರೀಕ್ಷೆ ಹೇಳುತ್ತಾರೆ, ಬೇಡ ಅನ್ನಬೇಡಿ.

ಪ್ರಶ್ನೆ: ಕಣ್ಣಿನ ಮಾಮೂಲಿ ಫೋಟೋ ತೆಗೆದು, ಅಪಧಮನಿ ಮತ್ತು ಅಭಿಧಮನಿಯ ಅಗಲದ ಅನುಪಾತ 0.67ರಿಂದ 0.63ಕ್ಕೆ ಇಳಿದಿದೆ, ರಕ್ತದೊತ್ತಡದ ಸೂಚನೆ ಎಂದು ವರದಿ ಬಂದಿದೆ. ನನಗೆ 41. ಹೆದರಿಕೆ ಆಗುತ್ತಿದೆ.

ಉತ್ತರ: ಹೆದರಿಕೆ ಬೇಡ. ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ರಕ್ತದೊತ್ತಡ ನೋಡಿಸಿ, ಬೇರೆ ಬೇರೆ ದಿನ ಎರಡು ಮೂರು ಸಲ. ಅದು ನೇರವಾದ ಉತ್ತರ.

ಫೋಟೋದ ಹಿಂದೆ ನಿಜವಾದ ವಿಜ್ಞಾನ ಇದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣೊಳಗೆ ನೋಡುವ ಸಾಧನದ ಬಗ್ಗೆ ಬರೆದಂದಿನಿಂದ ವೈದ್ಯರು ಈ ರಕ್ತನಾಳಗಳನ್ನು ನೋಡುತ್ತಿದ್ದಾರೆ. ದೇಹ ಕೊಯ್ಯದೆ ರಕ್ತನಾಳವನ್ನು ನೇರವಾಗಿ ನೋಡಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಸಾವಿರಾರು ಜನರ ಫೋಟೋ ಅಳೆದ ಅಧ್ಯಯನಗಳಲ್ಲಿ ರಕ್ತದೊತ್ತಡ ಜಾಸ್ತಿ ಇರುವವರ ಅಪಧಮನಿಗಳು ಸರಾಸರಿ ಸಪೂರ ಇರುವುದು ಮತ್ತೆ ಮತ್ತೆ ಕಂಡಿದೆ. ಅದು ಸರಾಸರಿ. ಸಾವಿರ ಜನರಲ್ಲಿ ಅಳತೆಯ ತಪ್ಪು ಆಚೆ ಈಚೆ ಹೋಗಿ ಸಮ ಆಗುತ್ತದೆ. ನಿಮ್ಮೊಬ್ಬರಲ್ಲಿ ಆಗುವುದಿಲ್ಲ.

ನರ ಹೊರಬರುವ ತಿಳಿ ಬಣ್ಣದ ತಟ್ಟೆಯ ಹತ್ತಿರ ಒಂದು ಅಪಧಮನಿ ಸುಮಾರು 100 ಮೈಕ್ರಾನ್ ಅಗಲ. ಫೋಟೋದ ಒಂದು ಪಿಕ್ಸೆಲ್ 7ರಿಂದ 10 ಮೈಕ್ರಾನ್ ಇದ್ದರೆ, ಇಡೀ ರಕ್ತನಾಳ ಹತ್ತರಿಂದ ಹದಿನಾಲ್ಕು ಪಿಕ್ಸೆಲ್. ಅಂಚು ಮಬ್ಬು. ಒಂದು ಪಿಕ್ಸೆಲ್ ಆಚೆ ಎಳೆದರೆ ಶೇ 7ರಿಂದ 10 ಬದಲಾವಣೆ. ನಿಮ್ಮ 0.67ರಿಂದ 0.63 ಅಂದರೆ ಶೇ 6. ಇದರ ಮೇಲೆ, ಹೃದಯ ಬಡಿದಾಗಲೆಲ್ಲ ರಕ್ತನಾಳ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಕ್ಯಾಮೆರಾದ ಫ್ಲಾಶ್ ಯಾವ ಬಡಿತದ ಯಾವ ಕ್ಷಣಕ್ಕೆ ಬಿತ್ತೋ ಯಾರಿಗೆ ಗೊತ್ತು. ಇನ್ನು ಫೋಟೋದಲ್ಲಿ ಕಾಣುವುದು ರಕ್ತದ ಕಂಬ, ರಕ್ತನಾಳದ ಗೋಡೆ ಪಾರದರ್ಶಕ. ಗೋಡೆ ದಪ್ಪವಾಗಿದೆಯೋ ಇಲ್ಲವೋ ಆ ಅಗಲದಿಂದ ತಿಳಿಯುವುದಿಲ್ಲ.

ಅನುಪಾತ ಎನ್ನುವುದೇ ನನಗೆ ಅಷ್ಟು ಸೇರುವುದಿಲ್ಲ. ಅಪಧಮನಿ ಸಪೂರ ಆದರೂ ಇಳಿಯುತ್ತದೆ, ಅಭಿಧಮನಿ ಅಗಲ ಆದರೂ ಇಳಿಯುತ್ತದೆ. ಎರಡಕ್ಕೂ ಕಾರಣ ಬೇರೆ. ಅಗಲಗಳನ್ನು ಬೇರೆ ಬೇರೆ ಬರೆದುಕೊಡಿ ಎಂದು ಕೇಳಿ.

ಪ್ರಶ್ನೆ: ಸ್ಕ್ಯಾನ್‌ಗೆ ಹೋಗುವ ಮೊದಲು ನಾವೇನು ಮಾಡಬಹುದು? ಕಾಫಿ ಕುಡಿಯಬಹುದೇ?

ಉತ್ತರ: ಕಾಫಿ, ಸಿಗರೇಟು, ಓಡಿ ಮೆಟ್ಟಿಲು ಹತ್ತಿದ ಏದುಸಿರು, ಇವೆಲ್ಲ ರಕ್ತದ ಹರಿವನ್ನು ಸ್ವಲ್ಪ ಹೊತ್ತು ಬದಲಿಸಬಹುದು. ಕುಡಿಯಲೇಬಾರದು ಅಂತಲ್ಲ. ಹೋದ ಸಲ ಕುಡಿದು ಈ ಸಲ ಬಿಟ್ಟು ಹೋಗಬೇಡಿ. ಹೋಗಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಹಿಂದಿನ ಸಲ ಪಾಪೆ ಹಿಗ್ಗಿಸುವ ಹನಿ ಹಾಕಿದ್ದರೆ ಈ ಸಲವೂ ಹಾಕಿಯೇ ತೆಗೆಯಲಿ. ಕಣ್ಣು ಒಣಗುವವರು ಮೊದಲೇ ಹೇಳಿ, ಕೃತಕ ಕಣ್ಣೀರಿನ ಒಂದು ಹನಿಯಿಂದ ಚಿತ್ರ ಎಷ್ಟೋ ತಿಳಿಯಾಗುತ್ತದೆ. ಗಲ್ಲ ಇಟ್ಟು, ಹಣೆ ಒತ್ತಿ, ಎರಡು ಮೂರು ಸಲ ರೆಪ್ಪೆ ಬಡಿದು, ಆಮೇಲೆ ಗುರಿಯನ್ನೇ ನೋಡಿ. ನಡುವೆ ಕಣ್ಣು ಉರಿದರೆ ತಡೆದುಕೊಂಡು ಕೂರಬೇಡಿ, ‘ಒಂದು ನಿಮಿಷ’ ಅನ್ನಿ. ನಾವು ಕಾಯುತ್ತೇವೆ.